ಲೆಕ್ಕ ಕೇಳಲು ಬಂದ ಹೊಸಬರು



ಲೆಕ್ಕ ಮಾಡುತ್ತ ಮಾಡುತ್ತ ಒಂದು ಹಂತದಲ್ಲಿ ಸಿಕ್ಕಿಹಾಕಿಕೊಂಡ ವಿದ್ಯಾರ್ಥಿ ಹಿಂದೆ ಯಾರನ್ನು ಕೇಳುತ್ತಿದ್ದ? ಮೇಷ್ಟ್ರನ್ನು ಕೇಳುತ್ತಿದ್ದ, ಇಲ್ಲವೇ ಪಕ್ಕದ ಬೀದಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಅಕ್ಕನನ್ನು. ಇಬ್ಬರೂ ಸಿಗದಿದ್ದರೆ ಆ ಲೆಕ್ಕವನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದ. ಈಗ ಹಾಗಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲಿ ಪ್ರಶ್ನೆ ಬರೆದು ಕಳಿಸಿದರೆ, ಜಗತ್ತಿನ ಯಾವುದೋ ಊರಿನಲ್ಲಿ ಕುಳಿತ ಗಣಿತದ ಪ್ರಾಧ್ಯಾಪಕರೊಬ್ಬರು ಬೆಳಗಾಗುವುದರೊಳಗೆ ಉತ್ತರ ಬರೆದಿಟ್ಟಿರುತ್ತಾರೆ. ಅದಕ್ಕೆ ಅವರು ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಕೇಳಿದವರು ಯಾರು, ಯಾವ ದೇಶದವರು ಎಂದು ವಿಚಾರಿಸುವುದೂ ಇಲ್ಲ. ಗಣಿತ ಕಲಿಸಿದ ನನಗೆ ಇದು ನಮ್ಮ ಕಾಲದ ದೊಡ್ಡ ಭಾಗ್ಯಗಳಲ್ಲಿ ಒಂದು ಎಂದೇ ಅನ್ನಿಸುತ್ತದೆ. ಇಂಥ ಜಾಗಕ್ಕೆ ಮೊದಲ ಸಲ ಕಾಲಿಡುವ ಹುಡುಗ ಅಥವಾ ಹುಡುಗಿಗೆ ಅಲ್ಲಿ ಏನಾಗುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಈ ನೆರವಿನ ಕೂಟಗಳಿಗೆ ಮೂವತ್ತು ವರ್ಷ ಮೀರಿದ ಇತಿಹಾಸವಿದೆ. 1994ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ‘ಆಸ್ಕ್ ಡಾಕ್ಟರ್ ಮ್ಯಾಥ್’ ಎಂಬ ಸೇವೆ ಶುರುವಾಯಿತು. ಅದರ ಬಗ್ಗೆ ಮುಂದೆ ಹೇಳುತ್ತೇನೆ. 2009ರಲ್ಲಿ ಸಂಶೋಧಕರಿಗಾಗಿ ‘ಮ್ಯಾಥ್‌ಓವರ್‌ಫ್ಲೋ’ ಬಂತು. ಫೀಲ್ಡ್ಸ್ ಪದಕ ಪಡೆದ ಟೆರೆನ್ಸ್ ತಾವೊ ಅಂಥವರು ಕೂಡ ಅಲ್ಲಿ ಉತ್ತರ ಬರೆಯುತ್ತಾರೆ. ಮರುವರ್ಷ, 2010ರಲ್ಲಿ, ಯಾವ ಮಟ್ಟದ ವಿದ್ಯಾರ್ಥಿಯಾದರೂ ಪ್ರಶ್ನೆ ಕೇಳಬಹುದಾದ ‘ಮ್ಯಾಥಮ್ಯಾಟಿಕ್ಸ್ ಸ್ಟ್ಯಾಕ್ ಎಕ್ಸ್‌ಚೇಂಜ್’ ತೆರೆಯಿತು. ನಮ್ಮ ಮಕ್ಕಳು ಗೂಗಲ್‌ನಲ್ಲಿ ಒಂದು ಲೆಕ್ಕ ಹುಡುಕಿದರೆ ಹೆಚ್ಚಾಗಿ ಹೋಗಿ ತಲುಪುವುದು ಈ ಕೊನೆಯದಕ್ಕೆ. ಆದ್ದರಿಂದ ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಅಲ್ಲಿನ ಏರ್ಪಾಡು ಅಂಕಗಳ ಮೇಲೆ ನಿಂತಿದೆ. ಒಳ್ಳೆಯ ಉತ್ತರ ಬರೆದರೆ ಓದಿದವರು ಮತ ಹಾಕುತ್ತಾರೆ, ಬರೆದವರ ಅಂಕ ಏರುತ್ತದೆ. ಅಂಕ ಏರಿದಂತೆ ಹಕ್ಕುಗಳೂ ಹೆಚ್ಚುತ್ತವೆ. ಹೊಸಬ ಒಂದು ಅಂಕದಿಂದ ಆರಂಭಿಸುತ್ತಾನೆ. ಇನ್ನೊಬ್ಬರು ಬರೆದದ್ದರ ಕೆಳಗೆ ‘ಇದು ನನಗೆ ಅರ್ಥವಾಗಲಿಲ್ಲ, ಎರಡನೇ ಸಾಲು ಹೇಗೆ ಬಂತು’ ಎಂದು ಒಂದು ಟಿಪ್ಪಣಿ ಹಾಕಬೇಕಾದರೂ ಅವನ ಬಳಿ 50 ಅಂಕ ಇರಬೇಕು. ಅದು ಗೊತ್ತಿಲ್ಲದ ಹುಡುಗ ಟಿಪ್ಪಣಿಯ ಜಾಗ ಸಿಗದೆ ತನ್ನ ಸಂದೇಹವನ್ನು ಉತ್ತರದ ಜಾಗದಲ್ಲಿ ಬರೆಯುತ್ತಾನೆ. ‘ಇದು ಉತ್ತರವಲ್ಲ’ ಎಂದು ಅದನ್ನು ಅಳಿಸಲಾಗುತ್ತದೆ. ಸರಿ, ಹಾಗಾದರೆ ಹೊಸದಾಗಿ ಪ್ರಶ್ನೆಯನ್ನೇ ಕೇಳುತ್ತೇನೆ ಎಂದು ಹೊರಟರೆ, ಸ್ವಲ್ಪ ಹೊತ್ತಿನಲ್ಲಿ ಪ್ರಶ್ನೆಯ ಪಕ್ಕದಲ್ಲಿ ಮೈನಸ್ ಎರಡು, ಮೈನಸ್ ಮೂರು ಎಂದು ಕಾಣಿಸುತ್ತದೆ. ಪ್ರಶ್ನೆಗೆ ವಿರುದ್ಧ ಮತ ಹಾಕುವವರಿಗೆ ಅದರಿಂದ ಯಾವ ಖರ್ಚೂ ಇಲ್ಲ, ಕಾರಣ ಹೇಳಬೇಕೆಂಬ ನಿಯಮವೂ ಇಲ್ಲ. ಆಮೇಲೆ ಒಂದು ಸೂಚನೆ ಬೀಳುತ್ತದೆ: ಪ್ರಶ್ನೆಯನ್ನು ಮುಚ್ಚಲಾಗಿದೆ, ಸಂದರ್ಭ ಸಾಲದು. ಇಂಥ ಪ್ರಶ್ನೆಗಳು ಕೆಲವಾದರೆ, ಮುಂದೆ ಪ್ರಶ್ನೆ ಕೇಳದಂತೆ ತಂತ್ರಾಂಶವೇ ತಡೆಹಿಡಿಯುತ್ತದೆ.

ಇದೆಲ್ಲ ನಡೆಯುವಾಗ ಯಾರೂ ಆ ಹುಡುಗನನ್ನು ಬೈದಿರುವುದಿಲ್ಲ. ಒಂದು ಕೆಟ್ಟ ಮಾತೂ ಬಂದಿರುವುದಿಲ್ಲ. ಆದರೂ ಅವನು ಫೋನು ಕೆಳಗಿಡುವಾಗ ಒಂದು ತೀರ್ಮಾನಕ್ಕೆ ಬಂದಿರುತ್ತಾನೆ: ಗಣಿತ ನನ್ನಂಥವರಿಗಲ್ಲ.

ಉದಾಹರಣೆ ಇಲ್ಲದೆ ಇದನ್ನು ಹೇಳಿದರೆ ಪ್ರಯೋಜನವಿಲ್ಲ. ಪಿಯುಸಿಯ ಹುಡುಗಿಯೊಬ್ಬಳು ಹೀಗೆ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ಮೈನಸ್ ಒಂದರ ವರ್ಗಮೂಲವನ್ನು ಅದರಿಂದಲೇ ಗುಣಿಸಿದರೆ ಮೈನಸ್ ಒಂದು ಬರಬೇಕು, ಏಕೆಂದರೆ ವರ್ಗಮೂಲ ಎಂದರೆ ಅದೇ ತಾನೆ. ಆದರೆ ಎರಡು ವರ್ಗಮೂಲಗಳ ಗುಣಲಬ್ಧವೆಂದರೆ ಗುಣಲಬ್ಧದ ವರ್ಗಮೂಲ ಎಂದೂ ನಮಗೆ ಕಲಿಸಿದ್ದಾರೆ. ಆ ಪ್ರಕಾರ ಮೈನಸ್ ಒಂದನ್ನು ಮೈನಸ್ ಒಂದರಿಂದ ಗುಣಿಸಿದರೆ ಒಂದು, ಅದರ ವರ್ಗಮೂಲವೂ ಒಂದು. ಹಾಗಾದರೆ ಮೈನಸ್ ಒಂದೂ ಪ್ಲಸ್ ಒಂದೂ ಸಮವಾದವು. ತಪ್ಪೆಲ್ಲಿದೆ?

ಈ ಪ್ರಶ್ನೆ ಅಲ್ಲಿ ಎಷ್ಟೋ ಸಲ ಬಂದು ಹೋಗಿದೆ. ಆದ್ದರಿಂದ ಅನುಭವಿಗಳು ನೋಡಿದ ಕೂಡಲೇ ‘ಡೂಪ್ಲಿಕೇಟ್’ ಎಂದು ಗುರುತು ಹಾಕಿ, ಹಳೆಯ ಉತ್ತರದ ಕೊಂಡಿ ಅಂಟಿಸಿ ಮುಚ್ಚಿಬಿಡುತ್ತಾರೆ. ಆ ಹಳೆಯ ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಅದನ್ನು ಬರೆದವರು ಸಂಕೀರ್ಣ ಚರಗಳ ಫಲನ, ಶಾಖೆಯ ಆಯ್ಕೆ ಎಂದು ಎಂ.ಎಸ್ಸಿ. ಮಟ್ಟದಲ್ಲಿ ಮಾತಾಡಿದ್ದರೆ ಪಿಯುಸಿ ಹುಡುಗಿಗೆ ಅದು ಎಲ್ಲಿ ಅರ್ಥವಾಗಬೇಕು?

ಅವಳಿಗೆ ಬೇಕಾಗಿದ್ದದ್ದು ಮೂರೇ ಸಾಲು. ‘ನಿನ್ನ ಎಲ್ಲ ಹೆಜ್ಜೆಯೂ ಸರಿ, ಒಂದರ ಹೊರತು. ವರ್ಗಮೂಲಗಳನ್ನು ಒಟ್ಟುಗೂಡಿಸುವ ಆ ನಿಯಮವನ್ನು ನಿನ್ನ ಪುಸ್ತಕ ಯಾವ ಸಂಖ್ಯೆಗಳಿಗೆ ಸಾಧಿಸಿದೆ, ಒಮ್ಮೆ ತೆಗೆದು ನೋಡು. ಸೊನ್ನೆ ಮತ್ತು ಧನಸಂಖ್ಯೆಗಳಿಗೆ ಮಾತ್ರ.’ ಇಷ್ಟು ಹೇಳಿದರೆ ಅವಳೇ ಹೋಗಿ ಪುಸ್ತಕ ತೆರೆಯುತ್ತಾಳೆ. ಒಂದು ನಿಯಮಕ್ಕೆ ಒಂದು ಷರತ್ತು ಇರುತ್ತದೆ, ಆ ಷರತ್ತನ್ನು ಮರೆತರೆ ಇಡೀ ಅಂಕಗಣಿತ ಕುಸಿಯುತ್ತದೆ ಎಂಬುದನ್ನು ಅವಳು ಅವತ್ತು ಕಲಿತಂತೆ ಇನ್ನು ಯಾವ ತರಗತಿಯಲ್ಲೂ ಕಲಿಯುವುದಿಲ್ಲ. ಏಕೆಂದರೆ ಆ ವಿರೋಧಾಭಾಸವನ್ನು ಅವಳು ತಾನೇ ಕಂಡಿದ್ದಾಳೆ. ಕಂಡದ್ದರಿಂದಲೇ ನಿದ್ದೆಗೆಟ್ಟು ಕೇಳಿದ್ದಾಳೆ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಬಹುದಿತ್ತು. ಲಿಯೋನಾರ್ಡ್ ಆಯ್ಲರ್ ಗಣಿತದ ಇತಿಹಾಸದ ಮಹಾಪುರುಷರಲ್ಲಿ ಒಬ್ಬರು. 1770ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ತಮ್ಮ ಬೀಜಗಣಿತದ ಪುಸ್ತಕದಲ್ಲಿ ಅವರು ಮೈನಸ್ ಒಂದರ ವರ್ಗಮೂಲವನ್ನು ಮೈನಸ್ ನಾಲ್ಕರ ವರ್ಗಮೂಲದಿಂದ ಗುಣಿಸಿದರೆ ಎರಡು ಎಂದು ಬರೆದಿದ್ದಾರೆ. ಇಂದಿನ ಪಾಠದ ಪ್ರಕಾರ ಅದು ಮೈನಸ್ ಎರಡಾಗಬೇಕು. ಅದು ಆಯ್ಲರ್ ಮಾಡಿದ ತಪ್ಪೇ, ಅಥವಾ ಅವರ ಕಾಲದಲ್ಲಿ ವರ್ಗಮೂಲದ ಚಿಹ್ನೆಗೇ ಬೇರೆ ಅರ್ಥವಿತ್ತೇ ಎಂದು ಇತಿಹಾಸಕಾರರು ಚರ್ಚೆ ಮಾಡಿದ್ದಾರೆ. ಯಾವ ಜಾಗದಲ್ಲಿ ಆಯ್ಲರ್ ಬರೆದದ್ದನ್ನು ವಿದ್ವಾಂಸರು ಇಂದಿಗೂ ನಿಂತು ನೋಡುತ್ತಾರೋ, ಅದೇ ಜಾಗದಲ್ಲಿ ನಮ್ಮ ಹುಡುಗಿಯೂ ನಿಂತಿದ್ದಾಳೆ. ಅವಳ ಪ್ರಶ್ನೆಯನ್ನು ಕೀಳು ಪ್ರಶ್ನೆ ಎಂದು ಹೇಗೆ ಹೇಳುವುದು?

ಆ ಪುಸ್ತಕದ ಹಿಂದೆ ಇನ್ನೊಂದು ಸಂಗತಿಯಿದೆ, ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಬರೆಯುವ ಹೊತ್ತಿಗೆ ಆಯ್ಲರ್ ಹೆಚ್ಚುಕಡಿಮೆ ದೃಷ್ಟಿ ಕಳೆದುಕೊಂಡಿದ್ದರು. ಹೊಲಿಗೆ ಕೆಲಸ ಕಲಿತಿದ್ದ ಒಬ್ಬ ಯುವಕನಿಗೆ ಅದನ್ನು ಹೇಳಿ ಬರೆಸಿದರು. ಗಣಿತದ ಗಂಧವೇ ಇಲ್ಲದಿದ್ದ ಅವನು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಬೀಜಗಣಿತ ಕಲಿತ ಎಂದು ಪುಸ್ತಕದ ಮುನ್ನುಡಿಯೇ ಹೇಳುತ್ತದೆ. ಅಷ್ಟು ದೊಡ್ಡ ಗಣಿತಜ್ಞ ಎದುರಿಗೆ ಕೂತ ಹೊಸಬನಿಗೆ ತಿಳಿಯುವಂತೆ ಹೇಳುತ್ತ ಹೋದದ್ದರಿಂದಲೇ ಆ ಪುಸ್ತಕ ಅಷ್ಟು ತಿಳಿಯಾಗಿದೆ ಎಂದು ನಾನು ನಂಬಿದ್ದೇನೆ.

ಹಾಗೆಂದು ಉತ್ತರ ಬರೆಯುವವರ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅವರ ಕಡೆಯಿಂದಲೂ ನೋಡಬೇಕು. ಹಗಲು ಕಾಲೇಜಿನಲ್ಲಿ ಪಾಠ ಮಾಡಿ ಬಂದು, ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಕೂತರೆ, ಎದುರಿಗೆ ಬರುವುದು ಪ್ರಶ್ನೆಪತ್ರಿಕೆಯ ಫೋಟೊ. ಬಾಗಿದ, ಮಸುಕಾದ ಫೋಟೊ. ಅದರ ಕೆಳಗೆ ‘ಬೇಗ ಬಿಡಿಸಿ ಕೊಡಿ, ನಾಳೆ ಸಲ್ಲಿಸಬೇಕು’ ಎಂಬ ಒಂದು ಸಾಲು. ಕೇಳಿದವರು ಏನು ಪ್ರಯತ್ನಿಸಿದರು, ಎಲ್ಲಿ ನಿಂತರು, ಯಾವ ತರಗತಿ ಎಂಬ ಸುಳಿವೇ ಇಲ್ಲ. ಕೆಲವರು ನಡೆಯುತ್ತಿರುವ ಸ್ಪರ್ಧೆಯ ಪ್ರಶ್ನೆಯನ್ನೇ ತಂದು ಹಾಕುತ್ತಾರೆ. ಉತ್ತರ ಸಿಕ್ಕ ಮೇಲೆ ಪ್ರಶ್ನೆಯನ್ನು ಅಳಿಸಿ ಹೋಗುವವರೂ ಇದ್ದಾರೆ. ಹೋಂವರ್ಕನ್ನು ಬೇರೆಯವರಿಂದ ಮಾಡಿಸಿಕೊಳ್ಳುವವರಿಗೆ ಉತ್ತರ ಕೊಡುವುದು ಆ ವಿದ್ಯಾರ್ಥಿಗೇ ಮಾಡುವ ಅನ್ಯಾಯ ಎಂದು ಉತ್ತರ ಬರೆಯುವವರು ವಾದಿಸುತ್ತಾರೆ. ನಾನೂ ಅದನ್ನು ಒಪ್ಪುತ್ತೇನೆ. ‘ನೀವು ಏನು ಮಾಡಿ ನೋಡಿದಿರಿ’ ಎಂದು ಕೇಳುವುದು ಗಣಿತ ಕಲಿಸುವುದರ ಮೊದಲ ಹೆಜ್ಜೆ. ಅದನ್ನು ಬಿಟ್ಟುಕೊಡಬೇಕಾಗಿಲ್ಲ.

ಆದರೆ ಕೇಳುವ ರೀತಿಯಲ್ಲಿ ಒಂದು ಕ್ರಮವಿದೆ. ಮೊದಲು ಬಂದವರು ತಂದದ್ದನ್ನು ನೋಡಬೇಕು. ನೋಡಿದ್ದೇನೆ ಎಂದು ಅವರಿಗೆ ತಿಳಿಸಬೇಕು. ಕೊರತೆಯನ್ನು ಹೇಳುವುದು ಆಮೇಲೆ. ಈ ಕ್ರಮ ತಪ್ಪಿದಾಗ ಸರಿಯಾದ ಮಾತೂ ಏಟಿನ ಹಾಗೆ ಬೀಳುತ್ತದೆ. ಇದಕ್ಕೆ ಗಣಿತದ ಇತಿಹಾಸದಲ್ಲಿ ನಮಗೆಲ್ಲ ಗೊತ್ತಿರುವ ಸಾಕ್ಷಿಯೇ ಇದೆ.

ಮದರಾಸು ಬಂದರು ಟ್ರಸ್ಟಿನ ಗುಮಾಸ್ತ ಶ್ರೀನಿವಾಸ ರಾಮಾನುಜನ್ ತನ್ನ ಸೂತ್ರಗಳನ್ನು ಇಂಗ್ಲೆಂಡಿಗೆ ಕಳಿಸಿದಾಗ ಕೇಂಬ್ರಿಜ್‌ನ ಬೇಕರ್ ಮತ್ತು ಹಾಬ್ಸನ್ ಅವರಿಂದ ಏನೂ ಸಹಾಯ ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಹಿಲ್ ಅವರ ಕಥೆ. 1912ರ ಕೊನೆಯಲ್ಲಿ ಮದರಾಸಿನ ಎಂಜಿನಿಯರಿಂಗ್ ಕಾಲೇಜಿನ ಗ್ರಿಫಿತ್ ಎಂಬವರು ರಾಮಾನುಜನ್ನರ ಕೆಲಸವನ್ನು ಲಂಡನ್ನಿನಲ್ಲಿದ್ದ ತಮ್ಮ ಗುರು ಪ್ರೊಫೆಸರ್ ಹಿಲ್ ಅವರಿಗೆ ಕಳಿಸಿದರು. ಹಿಲ್ ಉತ್ತರ ಬರೆದರು. ಈ ಯುವಕನಿಗೆ ಗಣಿತದಲ್ಲಿ ಆಸಕ್ತಿಯೂ ಸ್ವಲ್ಪ ಶಕ್ತಿಯೂ ಇದೆ, ಆದರೆ ದಾರಿ ತಪ್ಪಿದ್ದಾನೆ, ಅಪಸರಣ ಶ್ರೇಣಿಗಳನ್ನು ಬಳಸುವಾಗ ಇರಬೇಕಾದ ಎಚ್ಚರ ಇವನಿಗೆ ತಿಳಿಯದು, ಬ್ರಾಮ್‌ವಿಚ್ ಬರೆದ ಅನಂತ ಶ್ರೇಣಿಗಳ ಪುಸ್ತಕ ಓದಲಿ ಎಂಬುದು ಅದರ ಸಾರ. ನೋಡಿ, ಇದು ಇಂದಿನ ಗಣಿತ ಕೂಟಗಳಲ್ಲಿ ದಿನವೂ ಕಾಣಿಸುವ ಉತ್ತರವೇ. ಕಾಳಜಿಯಿಂದ ಬರೆದದ್ದು, ಬಹುಪಾಲು ಸರಿಯಾದದ್ದು. ಆದರೆ ಒಂದರಿಂದ ಮೊದಲಾಗಿ ಎಲ್ಲ ಸಂಖ್ಯೆಗಳನ್ನೂ ಕೂಡಿದರೆ ಮೈನಸ್ ಹನ್ನೆರಡನೇ ಒಂದು ಬರುತ್ತದೆ ಎಂಬಂಥ ಸಾಲಿನ ಹಿಂದೆ ಒಂದು ಸಿದ್ಧಾಂತ ಇರಬಹುದೇ ಎಂದು ಹಿಲ್ ಕೇಳಲಿಲ್ಲ.

1913ರ ಜನವರಿಯಲ್ಲಿ ರಾಮಾನುಜನ್ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಬರೆದರು. ಹಾರ್ಡಿ ಫೆಬ್ರವರಿಯಲ್ಲಿ ಉತ್ತರಿಸಿದರು. ಆ ಉತ್ತರದಲ್ಲಿ ಕಾಠಿಣ್ಯ ಕಡಿಮೆ ಇರಲಿಲ್ಲ. ಸಾಧನೆಗಳು, ಎಂದರೆ ಪ್ರಮೇಯಗಳ ರುಜುವಾತುಗಳು, ಎಲ್ಲಿ, ಸಾಧನೆಗಳಿಲ್ಲದೆ ಇವುಗಳ ಬೆಲೆ ಹೇಳಲಾರೆ ಎಂದು ಖಚಿತವಾಗಿ ಕೇಳಿದರು. ಆದರೆ ಅದಕ್ಕೆ ಮೊದಲು, ನಿಮ್ಮ ಪತ್ರ ಮತ್ತು ನಿಮ್ಮ ಪ್ರಮೇಯಗಳು ನನಗೆ ಬಹಳ ಕುತೂಹಲ ಹುಟ್ಟಿಸಿವೆ ಎಂದು ಹೇಳಿದರು. ಆಮೇಲೆ ಬಂದ ಸೂತ್ರಗಳನ್ನು ಮೂರು ಗುಂಪು ಮಾಡಿದರು: ಈಗಾಗಲೇ ತಿಳಿದಿರುವವು ಅಥವಾ ತಿಳಿದದ್ದರಿಂದ ಸುಲಭವಾಗಿ ಬರುವವು; ಹೊಸವಾದರೂ ಮುಖ್ಯವಾಗಿ ವಿಚಿತ್ರವೆಂದು ಕುತೂಹಲ ಹುಟ್ಟಿಸುವವು; ಹೊಸವೂ ಮಹತ್ವದವೂ ಆಗಿರಬಹುದಾದವು. ಇಂದಿನ ‘ಡೂಪ್ಲಿಕೇಟ್’ ಎಂಬ ಗುರುತು ಹಾರ್ಡಿಯ ಪತ್ರದಲ್ಲೂ ಇದೆ, ಮೊದಲನೇ ಗುಂಪಿನಲ್ಲಿ. ಆದರೆ ಅದನ್ನು ಹಾಕಿ ಅವರು ಪತ್ರ ಮಡಿಸಿಡಲಿಲ್ಲ, ಉಳಿದ ಎರಡು ಗುಂಪನ್ನೂ ನೋಡಿದರು. ಫೆಬ್ರವರಿ ಮುಗಿಯುವುದರೊಳಗೆ ರಾಮಾನುಜನ್ ಮರುಪತ್ರ ಬರೆದು, ನನ್ನ ಶ್ರಮವನ್ನು ಸಹಾನುಭೂತಿಯಿಂದ ನೋಡುವ ಗೆಳೆಯ ಸಿಕ್ಕಿದ ಎಂದು ತಿಳಿಸಿದರು. ಲಂಡನ್ನಿನ ಪ್ರಾಧ್ಯಾಪಕರು ಹೇಳಿದ್ದ ಬ್ರಾಮ್‌ವಿಚ್ ಪುಸ್ತಕದ ಮಾತನ್ನೂ ಅದೇ ಪತ್ರದಲ್ಲಿ ನೆನೆದರು.

ನಮ್ಮ ಹುಡುಗಿ ರಾಮಾನುಜನ್ ಅಲ್ಲ, ಆಗಬೇಕಾಗಿಯೂ ಇಲ್ಲ. ಪ್ರತಿಭೆ ಎಲ್ಲಿ ಅಡಗಿದೆಯೋ ಎಂಬ ಆಸೆಯಿಂದ ಹೊಸಬರನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸಾಧಾರಣ ಬುದ್ಧಿಯ ವಿದ್ಯಾರ್ಥಿಗೂ ಅದೇ ಕ್ರಮದಲ್ಲಿ ಉತ್ತರ ಪಡೆಯುವ ಹಕ್ಕಿದೆ.

ಇದನ್ನು ಒಂದು ಪದ್ಧತಿಯಾಗಿಯೇ ನಡೆಸಬಹುದು ಎಂದು ಆಗಲೇ ಹೇಳಿದ ‘ಆಸ್ಕ್ ಡಾಕ್ಟರ್ ಮ್ಯಾಥ್’ ಸೇವೆ ತೋರಿಸಿಕೊಟ್ಟಿತು. ಅಲ್ಲಿ ಮತವಿರಲಿಲ್ಲ, ಮೈನಸ್ ಅಂಕವಿರಲಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳೂ ಪ್ರಶ್ನೆ ಕಳಿಸುತ್ತಿದ್ದರು. ಒಬ್ಬ ಸ್ವಯಂಸೇವಕ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಆ ಮಗುವಿಗೇ ಉತ್ತರ ಬರೆದು, ಕೆಳಗೆ ‘ಡಾಕ್ಟರ್’ ಎಂದು ತನ್ನ ಅಡ್ಡಹೆಸರಿನಿಂದ ಸಹಿ ಹಾಕುತ್ತಿದ್ದ. ಮಗು ತಿರುಗಿ ಪ್ರಶ್ನೆ ಕೇಳಬಹುದಿತ್ತು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಏರ್ಪಾಡು. ಅಲ್ಲಿ ತರಬೇತಿ ಇದ್ದದ್ದು ಉತ್ತರ ಕೊಡುವವರಿಗೆ. ಹೊಸದಾಗಿ ಸೇರಿದ ಸ್ವಯಂಸೇವಕರ ಉತ್ತರಗಳನ್ನು ಹಳಬರು ಓದಿ, ಸಲಹೆ ಕೊಟ್ಟು, ಆಮೇಲೆ ಕಳಿಸುತ್ತಿದ್ದರು. ಇಂದಿನ ಕೂಟಗಳಲ್ಲಿ ಪ್ರಶ್ನೆ ಕೇಳುವುದು ಹೇಗೆ ಎಂದು ಹೊಸಬರಿಗೆ ಉದ್ದುದ್ದ ಸೂಚನೆಗಳಿವೆ. ಹೊಸಬರಿಗೆ ಉತ್ತರಿಸುವುದು ಹೇಗೆ ಎಂದು ಹಳಬರಿಗೆ ಹೇಳುವುದು ತೀರ ಕಡಿಮೆ.

ಈ ಕೊರತೆ ಹೊರಗಿನವರ ದೂರು ಮಾತ್ರವಲ್ಲ. ಮ್ಯಾಥಮ್ಯಾಟಿಕ್ಸ್ ಸ್ಟ್ಯಾಕ್ ಎಕ್ಸ್‌ಚೇಂಜ್ ಸೇರಿದ ಕುಟುಂಬದ ದೊಡ್ಡಣ್ಣನಂಥ, ಕಂಪ್ಯೂಟರ್ ಪ್ರೋಗ್ರಾಮರುಗಳ ‘ಸ್ಟ್ಯಾಕ್ ಓವರ್‌ಫ್ಲೋ’ವನ್ನು ನಡೆಸುವ ಕಂಪನಿಯೇ 2018ರ ಏಪ್ರಿಲಿನಲ್ಲಿ, ನಮ್ಮ ಜಾಗ ಹೊಸಬರನ್ನು ಆದರದಿಂದ ಕಾಣುತ್ತಿಲ್ಲ, ಬದಲಾಗಬೇಕು ಎಂದು ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷ ಹೊಸ ನಡವಳಿಕೆ ಸಂಹಿತೆ ಬಂತು. ಮೊದಲ ಸಲ ಪ್ರಶ್ನೆ ಕೇಳುವವರ ಹೆಸರಿನ ಬಳಿ ‘ಹೊಸಬರು’ ಎಂಬ ಗುರುತೂ ಬಂತು. ಒಳ್ಳೆಯ ಹೆಜ್ಜೆಗಳೇ. ಆದರೆ ಗುರುತನ್ನು ಓದಿ ಕೈ ನಿಧಾನಿಸುವವರು ಮನುಷ್ಯರೇ ಆಗಬೇಕು.

ಇನ್ನು ನಮ್ಮ ಮಕ್ಕಳ ವಿಷಯ. ಹತ್ತನೇ ತರಗತಿಯವರೆಗೆ ಛೇದ, ವರ್ಗಮೂಲ, ತ್ರಿಕೋನಮಿತಿ ಎಂದು ಕನ್ನಡದಲ್ಲಿ ಕಲಿತ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಬಂದಾಗ ಅದೇ ಗಣಿತವನ್ನು ಇಂಗ್ಲಿಷಿನಲ್ಲಿ ಎದುರಿಸುತ್ತಾರೆ. ಅಂಥವರು ಆ ಕೂಟಗಳಲ್ಲಿ ಪ್ರಶ್ನೆ ಬರೆಯುವಾಗ ಎರಡು ಭಾಷೆಗಳನ್ನು ಒಟ್ಟಿಗೆ ದಾಟಬೇಕು. ಒಂದು ಇಂಗ್ಲಿಷ್. ಇನ್ನೊಂದು ಸೂತ್ರಗಳನ್ನು ಬರೆಯಲು ಅಲ್ಲಿ ಬಳಸುವ ಲೇಟೆಕ್ ಎಂಬ ಸಂಕೇತ ಭಾಷೆ. ತರಗತಿಯಲ್ಲಿ ನಾವೆಲ್ಲ ‘ಎಕ್ಸ್ ಪ್ಲಸ್ ಒನ್ ಬೈ ಟೂ’ ಎನ್ನುತ್ತೇವೆ. ಕಪ್ಪುಹಲಗೆಯ ಮೇಲೆ ಗೆರೆ ಎಳೆದಿರುವುದರಿಂದ ಯಾರಿಗೂ ಗೊಂದಲವಿಲ್ಲ. ಅದನ್ನೇ ಫೋನಿನ ಕೀಲಿಮಣೆಯಲ್ಲಿ ಆವರಣ ಹಾಕದೆ ಒಂದೇ ಸಾಲಿನಲ್ಲಿ ಬರೆದರೆ, ಎರಡರಿಂದ ಭಾಗವಾದದ್ದು ಒಂದು ಮಾತ್ರವೋ ಇಡೀ ಮೊತ್ತವೋ ತಿಳಿಯುವುದಿಲ್ಲ. ಹುಡುಗನಿಗೆ ಲೆಕ್ಕ ಗೊತ್ತಿದೆ, ಬರೆಯುವ ಬಗೆ ಗೊತ್ತಿಲ್ಲ. ದೂರದಲ್ಲಿ ಕೂತು ಓದುವವರಿಗೆ ಎರಡೂ ಒಂದೇ ರೀತಿ ಕಾಣುತ್ತದೆ, ಅವನ ಗಣಿತವೇ ದುರ್ಬಲ ಎಂದುಕೊಳ್ಳುತ್ತಾರೆ. ಹುಡುಗನೂ ಕೊನೆಗೆ ಹಾಗೆಯೇ ನಂಬುತ್ತಾನೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಇದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬಹಳ ಮಕ್ಕಳು ಯಂತ್ರವನ್ನೇ ಕೇಳತೊಡಗಿದ್ದಾರೆ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹೊಸ ಪ್ರಶ್ನೆಗಳ ಸಂಖ್ಯೆ ಆಮೇಲೆ ತೀವ್ರವಾಗಿ ಇಳಿದಿದೆ. ಯಂತ್ರ ಪ್ರಶ್ನೆಯನ್ನು ಮುಚ್ಚುವುದಿಲ್ಲ, ಕನ್ನಡದಲ್ಲಿ ಕೇಳಿದರೂ ಬೇಸರಿಸುವುದಿಲ್ಲ. ಆದರೆ ತಪ್ಪು ಸಾಧನೆಯನ್ನೂ ಅದೇ ಧೈರ್ಯದಿಂದ ಬರೆದುಕೊಡಬಲ್ಲದು. ಕಲಿಯುತ್ತಿರುವ ಮಗುವಿಗೆ ಆ ವ್ಯತ್ಯಾಸ ತಿಳಿಯುವುದು ಕಷ್ಟ. ಈ ಹೊತ್ತಿನಲ್ಲಿ, ಬಲ್ಲ ಮನುಷ್ಯರು ಉತ್ತರ ಕೊಡುವ ಜಾಗಗಳು ಉಳಿಯಬೇಕು. ಉಳಿಯಬೇಕಾದರೆ ಅಲ್ಲಿಗೆ ಹೊಸಬರು ಬರಬೇಕು, ಬಂದವರು ಎರಡನೇ ಸಲವೂ ಬರಬೇಕು.

ಬಲ್ಲ ಮನುಷ್ಯರು ಕೊಡುವ ಉತ್ತರಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 2010ರಲ್ಲಿ ಮ್ಯಾಥ್‌ಓವರ್‌ಫ್ಲೋದಲ್ಲಿ ಒಬ್ಬರು, ನಾನು ಗಾಸ್ ಅಲ್ಲ, ಆಯ್ಲರ್ ಅಲ್ಲ, ನನ್ನಂಥವನು ಗಣಿತಕ್ಕೆ ಏನು ಕೊಡಬಲ್ಲ ಎಂಬ ಅರ್ಥದ ಪ್ರಶ್ನೆ ಹಾಕಿದರು. ಅದಕ್ಕೆ ಉತ್ತರ ಬರೆದವರಲ್ಲಿ ವಿಲಿಯಂ ಥರ್ಸ್ಟನ್ ಒಬ್ಬರು. 1982ರ ಫೀಲ್ಡ್ಸ್ ಪದಕ ಪಡೆದ, ಜ್ಯಾಮಿತಿಯ ದಿಕ್ಕನ್ನೇ ಬದಲಿಸಿದ ವ್ಯಕ್ತಿ ಅವರು. ಗಣಿತದ ಫಲ ಪ್ರಮೇಯಗಳಷ್ಟೇ ಅಲ್ಲ, ಜನರಲ್ಲಿ ಮೂಡುವ ಸ್ಪಷ್ಟತೆ ಮತ್ತು ತಿಳಿವಳಿಕೆ, ಅದು ಒಬ್ಬರಿಂದೊಬ್ಬರಿಗೆ ಹರಿಯುವ ಸಮುದಾಯದಲ್ಲಿ ಮಾತ್ರ ಗಣಿತ ಬದುಕಿರುತ್ತದೆ ಎಂಬುದು ಆ ಉತ್ತರದ ತಿರುಳು. ಎರಡು ವರ್ಷದ ನಂತರ ಅವರು ತೀರಿಕೊಂಡರು. ಆ ಉತ್ತರವನ್ನು ಜನ ಇಂದಿಗೂ ಓದುತ್ತಿದ್ದಾರೆ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಮಾತು. ಪ್ರಶ್ನೆ ಕೇಳುವಾಗ ಲೆಕ್ಕದ ಜೊತೆಗೆ ನೀವು ಮಾಡಿದ ಎರಡು ಹೆಜ್ಜೆಯನ್ನೂ ಬರೆಯಿರಿ, ಯಾವ ಹೆಜ್ಜೆಯಲ್ಲಿ ನಿಂತಿರೋ ಅದನ್ನು ಹೇಳಿ. ಯಾವ ತರಗತಿ ಎಂದು ತಿಳಿಸಿ. ಆವರಣ ಮರೆಯಬೇಡಿ. ಇಷ್ಟು ಮಾಡಿಯೂ ಮೈನಸ್ ಅಂಕ ಬಂದರೆ, ಅದು ಆ ಪ್ರಶ್ನೆ ಬರೆದ ರೀತಿಗೆ ಬಿದ್ದ ಅಂಕವೆಂದು ತಿಳಿಯಿರಿ. ತಿದ್ದಿ ಬರೆಯಿರಿ, ಮತ್ತೆ ಕೇಳಿ.

ಗಣಿತ ಬಲ್ಲ ಕೇಳುಗರಲ್ಲಿ, ಅಧ್ಯಾಪಕರಲ್ಲಿ, ನಿವೃತ್ತರಾಗಿ ಮನೆಯಲ್ಲಿರುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟು. ವಾರಕ್ಕೊಮ್ಮೆಯಾದರೂ ಇಂಥ ಕೂಟಕ್ಕೆ ಹೋಗಿ. ಯಾರೂ ಮುಟ್ಟದೆ ಬಿಟ್ಟ ಒಬ್ಬ ಹೊಸಬನ ಪ್ರಶ್ನೆಯನ್ನು ಎತ್ತಿಕೊಳ್ಳಿ. ಅದರಲ್ಲಿ ಸರಿಯಾಗಿರುವ ಹೆಜ್ಜೆ ಯಾವುದೆಂದು ಮೊದಲ ಸಾಲಿನಲ್ಲಿ ಹೇಳಿ, ಎರಡನೇ ಸಾಲಿನಲ್ಲಿ ತಪ್ಪಿದ ಹೆಜ್ಜೆಯನ್ನು ತೋರಿಸಿ. ಪ್ರಶ್ನೆಯನ್ನು ಮುಚ್ಚಲೇಬೇಕಾಗಿ ಬಂದರೆ, ಏಕೆ ಮುಚ್ಚಿದಿರಿ, ಹೇಗೆ ತಿದ್ದಿದರೆ ತೆರೆಯುತ್ತೀರಿ ಎಂದು ಒಂದು ಮಾತು ಬರೆದು ಮುಚ್ಚಿ. ಕನ್ನಡ ಮಾಧ್ಯಮದಿಂದ ಬಂದ ಮಗುವೆಂದು ಗೊತ್ತಾದರೆ, ಅದೇ ಮಾತನ್ನು ಕನ್ನಡದಲ್ಲೂ ಒಂದು ಸಲ ಹೇಳಿ.